ಮೊದಲು ರಿಪೋರ್ಟ್, ಆಮೇಲೆ ಮದ್ದು: ಅಕ್ಕನ ಶ್ವಾಸಕೋಶದ ಕ್ಯಾನ್ಸರ್ ಮತ್ತು ನನ್ನ ಅನುಭವ

ಕ್ಯಾನ್ಸರ್ ಅಂತ ಗೊತ್ತಾದ ಕೂಡಲೇ ಮನೆಯವರೆಲ್ಲ ಕೇಳುವುದು ಒಂದೇ, "ಟ್ರೀಟ್‌ಮೆಂಟ್ ಯಾವಾಗ ಶುರು?" ಅಕ್ಕನ ಫೈಲ್ ಹಿಡಿದು ಓಡಾಡಿದ ಮೇಲೆ ನನಗನ್ನಿಸಿದ್ದು ಬೇರೆ. ಶ್ವಾಸಕೋಶದ ಕ್ಯಾನ್ಸರ್‌ನಲ್ಲಿ ಅದಕ್ಕೂ ಮೊದಲು ಮೂರು ವಿಷಯ ಗೊತ್ತಾಗಬೇಕು. ಯಾವ ಬಗೆಯ ಜೀವಕೋಶದ್ದು, ಎಲ್ಲಿಯವರೆಗೆ ಹರಡಿದೆ, ಅದರ ಜೀನ್‌ನಲ್ಲಿ ಏನು ಬದಲಾಗಿದೆ. ಮೂರನೆಯದಕ್ಕೆ ಉತ್ತರ ಬರುವುದು ನಿಧಾನ. ಅದು ಬರುವವರೆಗೆ ತಾಳ್ಮೆಯಿಂದ ಇರುವುದೇ ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸವಾಯಿತು.

ನಾನು ಡಾಕ್ಟರ್ ಅಲ್ಲ. ಲೆಕ್ಕಪತ್ರ ನೋಡುವ ಕೆಲಸ ನನ್ನದು. ಕಾಗದ ಕೈಗೆ ಬಂದರೆ ಪೂರ್ತಿ ಓದದೆ ಕೆಳಗಿಡುವ ಅಭ್ಯಾಸ ಇಲ್ಲ. ಭಾವನಿಗೆ ಆಸ್ಪತ್ರೆಯ ವಾಸನೆ ಕಂಡರಾಗದು. ಹಾಗಾಗಿ ಫೈಲ್ ನನ್ನ ಪಾಲಿಗೆ ಬಂತು.

ಅಕ್ಕ ಸಿಗರೇಟ್ ಮುಟ್ಟಿದವಳಲ್ಲ. ಒಣಕೆಮ್ಮು ಬಂದಿತ್ತು, ಹೋಗಲೇ ಇಲ್ಲ. ಆಂಟಿಬಯೋಟಿಕ್‌ಗೂ ಬಗ್ಗಲಿಲ್ಲ. ಆಮೇಲೆ ಮೆಟ್ಟಿಲು ಹತ್ತಿದರೆ ಏದುಸಿರು. ಎಕ್ಸ್‌ರೇ ತೆಗೆದಾಗ ಬಲ ಶ್ವಾಸಕೋಶದ ಸುತ್ತ ನೀರು ತುಂಬಿತ್ತು. ಸಿಟಿ ಸ್ಕ್ಯಾನ್‌ನಲ್ಲಿ ಒಂದು ಗೆಡ್ಡೆ ಕಂಡಿತು. "ನಾನು ಸೇದೋಳೇ ಅಲ್ಲವಲ್ಲ ಡಾಕ್ಟ್ರೇ" ಎಂದು ಅಕ್ಕ ಎರಡೆರಡು ಸಲ ಹೇಳಿದಳು. ಈ ಕಾಯಿಲೆಗೆ ಎಲ್ಲಕ್ಕಿಂತ ದೊಡ್ಡ ಕಾರಣ ತಂಬಾಕಿನ ಹೊಗೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸೇದದವರಿಗೂ ಬರುತ್ತದೆ. ಬೇರೆಯವರು ಬಿಟ್ಟ ಹೊಗೆ, ಗಾಳಿಯ ಮಾಲಿನ್ಯ, ನೆಲದಿಂದ ಬರುವ ರೇಡಾನ್ ಅನಿಲ, ಇವೂ ಕಾರಣಗಳೇ. ಎಷ್ಟೋ ಜನರಿಗೆ ಯಾವ ಕಾರಣವೂ ಸಿಗುವುದಿಲ್ಲ. ಇನ್ನು ಸೇದಿದವರನ್ನು ಈ ಹೊತ್ತಿನಲ್ಲಿ ಚುಚ್ಚಿ ಮಾತಾಡುವವರನ್ನು ಕಂಡರೆ ನನಗೆ ಈಗ ಸಿಟ್ಟು ಬರುತ್ತದೆ.

ಸೂಜಿ ಹಾಕಿ ನೀರು ತೆಗೆದರು. ಉಸಿರು ಸಲೀಸಾಯಿತು. ಆ ನೀರಿನಲ್ಲಿದ್ದ ಜೀವಕೋಶಗಳನ್ನು ಒಟ್ಟುಮಾಡಿ ಮೇಣದ ತುಂಡಿನಲ್ಲಿ ಕೂರಿಸಿ ಪರೀಕ್ಷೆ ಮಾಡುತ್ತಾರೆ. ಲ್ಯಾಬ್‌ನವರು ಇದನ್ನು ಸೆಲ್ ಬ್ಲಾಕ್ ಅನ್ನುತ್ತಾರೆ. ಬಂದ ರಿಪೋರ್ಟ್‌ನಲ್ಲಿ ಅಡಿನೊಕಾರ್ಸಿನೋಮ ಎಂದಿತ್ತು. ಶ್ವಾಸಕೋಶದ ಕ್ಯಾನ್ಸರ್‌ಗಳಲ್ಲಿ ಸುಮಾರು ಶೇಕಡಾ 85ರಷ್ಟು ನಾನ್-ಸ್ಮಾಲ್ ಸೆಲ್ ಗುಂಪಿಗೆ ಸೇರುತ್ತವೆ. ಆ ಗುಂಪಿನಲ್ಲಿ ಜಾಸ್ತಿ ಕಾಣುವುದು ಅಡಿನೊ. ಇನ್ನೊಂದು ಮುಖ್ಯ ಬಗೆ ಸ್ಕ್ವಾಮಸ್. ರಿಪೋರ್ಟ್‌ನ ಕೆಳಗೆ ಟಿಟಿಎಫ್-1 ಪಾಸಿಟಿವ್, ಪಿ40 ನೆಗೆಟಿವ್ ಎಂದಿತ್ತು. ಪಾಸಿಟಿವ್ ಅಂದಕೂಡಲೇ ಭಾವನ ಮುಖ ಬಿಳಿಚಿಕೊಂಡಿತು. ಇದು ಕಾಯಿಲೆಯ ಜೋರು ಹೇಳುವ ಅಂಕಿಯಲ್ಲ. ಬಗೆ ಗುರುತಿಸಲು ಹಾಕುವ ಬಣ್ಣದ ಪರೀಕ್ಷೆ. ಟಿಟಿಎಫ್-1 ಬಂದರೆ ಅಡಿನೊ ಕಡೆಗೆ, ಪಿ40 ಬಂದರೆ ಸ್ಕ್ವಾಮಸ್ ಕಡೆಗೆ ಬೆರಳು ತೋರಿಸುತ್ತದೆ. ಇದು ಬರೀ ಹೆಸರಿನ ವ್ಯತ್ಯಾಸವೂ ಅಲ್ಲ. ಪೆಮೆಟ್ರೆಕ್ಸೆಡ್ ಎಂಬ ಕೀಮೊ ಮದ್ದನ್ನು ಅಡಿನೊಗೆ ಕೊಡುತ್ತಾರೆ, ಸ್ಕ್ವಾಮಸ್‌ಗೆ ಕೊಡುವುದಿಲ್ಲ.

ಎರಡನೆಯದು ಸ್ಟೇಜ್. ಪೆಟ್ ಸ್ಕ್ಯಾನ್ ಅಂದರೆ ಸಕ್ಕರೆಯಂಥ ಮದ್ದು ಚುಚ್ಚಿ, ಅದನ್ನು ಜಾಸ್ತಿ ಹೀರುವ ಜಾಗಗಳನ್ನು ನೋಡುವುದು. ಅದಾದ ಮೇಲೆ ಮೆದುಳಿನ ಎಂಆರ್‌ಐ ಯಾಕೆ ಬೇರೆ ಅಂತ ಕೇಳಿದೆ. ಮೆದುಳು ಮಾಮೂಲಿಯಾಗಿಯೇ ಸಕ್ಕರೆಯನ್ನು ಜಾಸ್ತಿ ಹೀರುವುದರಿಂದ ಪೆಟ್‌ನಲ್ಲಿ ಪೂರ್ತಿ ಹೊಳೆಯುತ್ತದಂತೆ, ಸಣ್ಣ ಗಂಟು ಅದರಲ್ಲಿ ಮುಚ್ಚಿಹೋಗುತ್ತದೆ. ಈ ಕ್ಯಾನ್ಸರ್ ಮೆದುಳಿಗೆ ಹೋಗುವುದು ಅಪರೂಪವಲ್ಲ, ಆದ್ದರಿಂದ ಎಂಆರ್‌ಐ ಬೇಕು. ಅಕ್ಕನ ಮೆದುಳು ಚೊಕ್ಕವಾಗಿತ್ತು. ಗೆಡ್ಡೆಯೂ 3 ಸೆಂಟಿಮೀಟರ್ ಒಳಗೇ ಇತ್ತು. ಆದರೂ ಸ್ಟೇಜ್ 4 ಎಂದು ಬರೆದರು.

ಇದು ನಮಗೆ ಅರ್ಥವೇ ಆಗಲಿಲ್ಲ. ಇಷ್ಟು ಚಿಕ್ಕ ಗೆಡ್ಡೆಗೆ ಕೊನೆಯ ಸ್ಟೇಜ್ ಹೇಗೆ? ಡಾಕ್ಟರ್ ಹಾಳೆಯ ಹಿಂದೆ ಟಿ, ಎನ್, ಎಂ ಎಂದು ಬರೆದು ತೋರಿಸಿದರು. ಟಿ ಅಂದರೆ ಗೆಡ್ಡೆಯ ಗಾತ್ರ ಮತ್ತು ಅದು ಪಕ್ಕದ ಅಂಗಕ್ಕೆ ನುಗ್ಗಿದೆಯೇ ಎಂಬುದು. 3 ಸೆಂಟಿಮೀಟರ್‌ವರೆಗೆ ಟಿ1, 7 ದಾಟಿದರೆ ಟಿ4. ಎನ್ ಅಂದರೆ ದುಗ್ಧ ಗ್ರಂಥಿಗಳು, ಅಂದರೆ ಲಿಂಫ್ ನೋಡ್. ಎಂ ಅಂದರೆ ದೂರಕ್ಕೆ ಹರಡಿರುವುದು. ಶ್ವಾಸಕೋಶದ ಸುತ್ತಲಿನ ನೀರಿನಲ್ಲಿ ಕ್ಯಾನ್ಸರ್ ಜೀವಕೋಶ ಸಿಕ್ಕರೆ ಅದು ಎಂ1ಎ. ಗೆಡ್ಡೆ ಎಷ್ಟೇ ಚಿಕ್ಕದಿರಲಿ, ಸ್ಟೇಜ್ 4. ಕತ್ತರಿಸಿ ತೆಗೆದು ಪ್ರಯೋಜನವಿಲ್ಲ, ಮೈಗೆಲ್ಲ ತಲುಪುವ ಮದ್ದೇ ಬೇಕು. "ಆಪರೇಷನ್ ಮಾಡಿಬಿಡಿ" ಎಂಬ ನೆಂಟರ ಒತ್ತಾಯಕ್ಕೆ ಅಲ್ಲಿಗೆ ನನ್ನ ಹತ್ತಿರ ಉತ್ತರ ಸಿಕ್ಕಿತು.

ಈಗ ಮೂರನೆಯದು. ಅಡಿನೊಕಾರ್ಸಿನೋಮ ಹರಡಿದೆ ಅಂದಮೇಲೆ ಜೀನ್ ಪರೀಕ್ಷೆ ಆಗಲೇಬೇಕು. ಇಜಿಎಫ್‌ಆರ್, ಎಎಲ್‌ಕೆ, ಆರ್‌ಒಎಸ್1, ಬಿರಾಫ್, ಮೆಟ್, ರೆಟ್, ಕೆರಾಸ್, ಹರ್2, ಎನ್‌ಟಿಆರ್‌ಕೆ, ಹೀಗೆ ನೋಡಬೇಕಾದ ಜೀನ್‌ಗಳ ಪಟ್ಟಿ ಇದೆ. ಒಂದೊಂದಾಗಿ ನೋಡುತ್ತಾ ಹೋದರೆ ಸ್ಯಾಂಪಲ್ ಅಲ್ಲಿಗಲ್ಲಿಗೇ ಮುಗಿದುಹೋಗುತ್ತದೆ. ಎನ್‌ಜಿಎಸ್ ಎಂಬ ಪರೀಕ್ಷೆಯಲ್ಲಿ ಎಲ್ಲವನ್ನೂ ಒಟ್ಟಿಗೆ ನೋಡಬಹುದು. ಅದಕ್ಕೆ ವಾರಗಳು ಹಿಡಿಯುತ್ತವೆ.

ನಮ್ಮದರಲ್ಲಿ ವಾರಗಳ ಜೊತೆ ಇನ್ನೊಂದು ಕಗ್ಗಂಟು. ಬಣ್ಣದ ಪರೀಕ್ಷೆಗಳಿಗೇ ಸೆಲ್ ಬ್ಲಾಕ್‌ನ ಬಹುಪಾಲು ಖರ್ಚಾಗಿತ್ತು. ಜೀನ್ ಲ್ಯಾಬ್‌ನವರು ಸ್ಯಾಂಪಲ್ ಸಾಲದು ಎಂದು ಬರೆದು ಕಳಿಸಿದರು. ಅಷ್ಟು ದಿನ ಕಾದದ್ದೆಲ್ಲ ನೀರಿಗೆ ಹಾಕಿದಂತಾಯಿತು ಎಂದು ಭಾವ ಕೂಗಾಡಿದರು. "ಕೀಮೊನೋ ಇಮ್ಯುನೋನೋ, ಏನಾದರೂ ಒಂದು ಶುರು ಮಾಡಿ ಡಾಕ್ಟ್ರೇ, ಸುಮ್ನೆ ಕೂರೋಕಾಗಲ್ಲ" ಎಂದರು. ಅವರ ಅವಸರ ತಪ್ಪೆಂದು ನಾನು ಹೇಳಲಾರೆ. ಕಣ್ಣೆದುರು ಹೆಂಡತಿ ಕೆಮ್ಮುತ್ತಿರುವಾಗ ಲ್ಯಾಬ್ ರಿಪೋರ್ಟ್‌ಗೆ ಕಾಯಿರಿ ಅಂದರೆ ಯಾರಿಗೆ ರುಚಿಸುತ್ತದೆ?

ಡಾಕ್ಟರ್ ಆವತ್ತು ಹೇಳಿದ್ದನ್ನು ನಾನು ಆಮೇಲೆ ಎಷ್ಟೋ ಜನರಿಗೆ ಹೇಳಿದ್ದೇನೆ. ಕಾಯುವಷ್ಟು ಸಮಯವೇ ಇಲ್ಲದ ರೋಗಿಗೆ ಕೀಮೊ ಒಂದನ್ನೇ ಶುರು ಮಾಡಬಹುದು. ಆದರೆ ಜೀನ್ ರಿಪೋರ್ಟ್ ಇಲ್ಲದೆ ಇಮ್ಯುನೋಥೆರಪಿ, ಅಂದರೆ ಮೈಯ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎಬ್ಬಿಸುವ ಮದ್ದು, ಕೊಡಲು ಅವರು ಒಪ್ಪಲಿಲ್ಲ. ಕಾರಣ ಎರಡು. ಇಜಿಎಫ್‌ಆರ್ ಅಥವಾ ಎಎಲ್‌ಕೆ ಬದಲಾವಣೆ ಇರುವ ಕ್ಯಾನ್ಸರ್‌ಗೆ ಇಮ್ಯುನೋಥೆರಪಿ ಅಷ್ಟಾಗಿ ನಾಟುವುದಿಲ್ಲ. ಪಿಡಿ-ಎಲ್1 (ಇಮ್ಯುನೋಥೆರಪಿ ನಾಟೀತೇ ಎಂದು ಅಂದಾಜಿಸಲು ಗೆಡ್ಡೆಯಲ್ಲಿ ಅಳೆಯುವ ಪ್ರೋಟೀನ್) ಅಂಕಿ ಎತ್ತರವಿದ್ದರೂ ಅಷ್ಟೇ. ಎರಡನೆಯದು ಇನ್ನೂ ಗಂಭೀರ. ಇಮ್ಯುನೋಥೆರಪಿಯ ಪ್ರಭಾವ ಮೈಯಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಅದರ ಬೆನ್ನಲ್ಲೇ ಇಜಿಎಫ್‌ಆರ್ ಮಾತ್ರೆ ಒಸಿಮರ್ಟಿನಿಬ್ ಕೊಟ್ಟರೆ ಶ್ವಾಸಕೋಶ ಜೋರಾಗಿ ಊದಿಕೊಳ್ಳುವ ಅಪಾಯ ಹೆಚ್ಚುತ್ತದೆ. ಅವಸರದಲ್ಲಿ ಕೊಟ್ಟ ಮೊದಲ ಮದ್ದು ಸರಿಯಾದ ಎರಡನೇ ಮದ್ದಿಗೆ ಅಡ್ಡ ನಿಲ್ಲಬಹುದು.

ನೀರು ಮತ್ತೆ ತುಂಬುತ್ತಿತ್ತು, ಹೇಗೂ ತೆಗೆಯಬೇಕಿತ್ತು. ಈ ಸಲ ಜಾಸ್ತಿ ನೀರು ಕಳಿಸಿದರು. ಜೊತೆಗೆ ರಕ್ತವನ್ನೂ ತೆಗೆದುಕೊಂಡರು. ಗೆಡ್ಡೆಯಿಂದ ಉದುರಿದ ಡಿಎನ್‌ಎ ಚೂರುಗಳು ರಕ್ತದಲ್ಲಿ ತೇಲುತ್ತಿರುತ್ತವೆ, ಅವನ್ನು ಹುಡುಕುವುದು ಲಿಕ್ವಿಡ್ ಬಯಾಪ್ಸಿ. ಅದರಲ್ಲಿ ಏನಾದರೂ ಸಿಕ್ಕರೆ ನಂಬಬಹುದು. ಏನೂ ಸಿಗದಿದ್ದರೆ ಇಲ್ಲವೆಂದು ತೀರ್ಮಾನಿಸುವಂತಿಲ್ಲ. ಗೆಡ್ಡೆ ಸಾಕಷ್ಟು ಡಿಎನ್‌ಎ ಉದುರಿಸದೆಯೂ ಇರಬಹುದು, ಅಲ್ವಾ? ಅಕ್ಕನಿಗೆ ರಕ್ತದ ರಿಪೋರ್ಟೇ ಮೊದಲು ಬಂತು: ಇಜಿಎಫ್‌ಆರ್, ಎಕ್ಸಾನ್ 19 ಡಿಲೀಷನ್, ಅಂದರೆ ಆ ಜೀನ್‌ನ ಒಂದು ಭಾಗದಲ್ಲಿ ಸಣ್ಣ ಚೂರು ಬಿಟ್ಟುಹೋಗಿದೆ. ಸೆಲ್ ಬ್ಲಾಕ್‌ನಲ್ಲೂ ಆಮೇಲೆ ಅದೇ ಬಂತು.

ಫೈಲ್ ಹಿಡಿಯುವವರಿಗೆ ಇಲ್ಲೊಂದು ಮಾತು. ಬಯಾಪ್ಸಿಯ ಮೇಣದ ಬ್ಲಾಕ್ ಎಲ್ಲಿದೆ, ಅದರಲ್ಲಿ ಎಷ್ಟು ಉಳಿದಿದೆ ಎಂದು ಕೇಳಿಟ್ಟುಕೊಳ್ಳಿ. ಸೆಕೆಂಡ್ ಒಪೀನಿಯನ್‌ಗೆ ಹೋದರೆ ಬರೀ ರಿಪೋರ್ಟ್ ಸಾಲದು. ಬ್ಲಾಕ್, ಸ್ಲೈಡ್, ಸ್ಕ್ಯಾನ್‌ನ ಸಿಡಿ ಎಲ್ಲ ಬೇಕಾಗುತ್ತದೆ.

ಇಜಿಎಫ್‌ಆರ್ ಎಂಬುದು ಜೀವಕೋಶದ ಮೈಮೇಲಿರುವ ಪ್ರೋಟೀನ್. ಬೆಳೆಯಲು ಅಪ್ಪಣೆ ಬಂದಾಗ ಮಾತ್ರ ಅದು ಕೆಲಸ ಮಾಡಬೇಕು. ಈ ಬದಲಾವಣೆ ಆದಾಗ ಆನ್ ಆಗಿ ಅಂಟಿಕೊಂಡ ಸ್ವಿಚ್ಚಿನಂತೆ ಆಗಿಬಿಡುತ್ತದೆ. ಮಾತ್ರೆ ಹೋಗಿ ಅದನ್ನು ಆಫ್ ಮಾಡುತ್ತದೆ. ಕೇಳಲು ಸರಳ. ಆದರೆ ಇಂಥ ಬದಲಾವಣೆ ಇದ್ದವರಿಗೇ ಮಾತ್ರೆ ನಾಟುತ್ತದೆ ಎಂಬುದು ಗೊತ್ತಾದದ್ದು 2004ರಲ್ಲಿ. ಅಷ್ಟರಲ್ಲಿ ಜೆಫಿಟಿನಿಬ್ ಎಂಬ ಇಜಿಎಫ್‌ಆರ್ ಮಾತ್ರೆ ಮಾರುಕಟ್ಟೆಗೇ ಬಂದಿತ್ತು. ಕೆಲವರಿಗೆ ಪವಾಡದಂತೆ ಕೆಲಸ ಮಾಡುತ್ತಿತ್ತು, ಉಳಿದವರಿಗೆ ಏನೂ ಇಲ್ಲ, ಯಾಕೆಂದು ತಿಳಿದಿರಲಿಲ್ಲ. ಎಎಲ್‌ಕೆ ಬದಲಾವಣೆ ಪತ್ತೆಯಾದದ್ದು 2007ರಲ್ಲಿ. 2011ಕ್ಕೆ ಅದಕ್ಕೂ ಮಾತ್ರೆ ಬಂತು. ನಾನು ಇದನ್ನೆಲ್ಲ ಓದುತ್ತಾ ಕೂತಾಗ, ಅಕ್ಕನಿಗೆ ಇದೇ ಕಾಯಿಲೆ ಇಪ್ಪತ್ತೈದು ವರ್ಷ ಮೊದಲು ಬಂದಿದ್ದರೆ ಎಂದು ಯೋಚಿಸದೆ ಇರಲಾಗಲಿಲ್ಲ.

ಆಸ್ಪತ್ರೆಯಲ್ಲಿ ಕಾಯುವಾಗ ಪಕ್ಕದ ಕುರ್ಚಿಯವರ ಜೊತೆ ಮಾತು ಬೆಳೆಯುತ್ತದೆ. ಅದೇ ಕಾಯಿಲೆ, ಆದರೆ ಮದ್ದು ಒಬ್ಬೊಬ್ಬರಿಗೆ ಒಂದೊಂದು. ಒಬ್ಬರಿಗೆ ಸ್ಟೇಜ್ 1ರಲ್ಲೇ ಸಿಕ್ಕಿತ್ತು, ಶ್ವಾಸಕೋಶದ ಒಂದು ಹಾಲೆ ತೆಗೆದಿದ್ದರು. ಇನ್ನೊಬ್ಬರ ಗೆಡ್ಡೆಯೂ ಚಿಕ್ಕದೇ. ಆದರೆ ಅವರ ಹೃದಯಕ್ಕೆ ಆಪರೇಷನ್ ತಾಳುವ ಶಕ್ತಿ ಇರಲಿಲ್ಲ. ಅವರಿಗೆ ಕೆಲವೇ ದಿನ ಜೋರಾದ, ಗುರಿ ಹಿಡಿದ ರೇಡಿಯೇಷನ್ ಕೊಟ್ಟಿದ್ದರು. ಎದೆಯ ನಡುವಿನ ಗ್ರಂಥಿಗಳಿಗೆ ಹರಡಿದ್ದ ಸ್ಟೇಜ್ 3ರವರಿಗೆ ಕೀಮೊ, ರೇಡಿಯೇಷನ್ ಒಟ್ಟಿಗೆ ಮುಗಿದು ಡುರ್ವಾಲುಮ್ಯಾಬ್ ಎಂಬ ಇಮ್ಯುನೋಥೆರಪಿ ನಡೆಯುತ್ತಿತ್ತು. ಸ್ಕ್ವಾಮಸ್ ಇದ್ದ ಹಿರಿಯರೊಬ್ಬರಿಗೆ ಪಿಡಿ-ಎಲ್1 ಶೇಕಡಾ 50ಕ್ಕೂ ಮೇಲೆ. ಕೀಮೊ ಇಲ್ಲದೆ ಬರೀ ಪೆಂಬ್ರೊಲಿಜುಮ್ಯಾಬ್ ಎಂಬ ಇಮ್ಯುನೋಥೆರಪಿ ಇಂಜೆಕ್ಷನ್‌ನಲ್ಲೇ ಚೆನ್ನಾಗಿದ್ದರು. "ನಿಮ್ಮ ಅಕ್ಕನಿಗೂ ಇದನ್ನೇ ಕೊಡಿಸಪ್ಪ" ಎಂದು ಪ್ರೀತಿಯಿಂದ ಹೇಳಿದರು. ಅವರಿಗೆ ಒಗ್ಗಿದ್ದು ಅಕ್ಕನಿಗೆ ಆಗಿಬರುವುದಿಲ್ಲ ಎಂದು ವಿವರಿಸುವ ಗೋಜಿಗೆ ಹೋಗದೆ ತಲೆಯಾಡಿಸಿದೆ.

ಒಸಿಮರ್ಟಿನಿಬ್ 80 ಮಿಲಿಗ್ರಾಂ, ದಿನಕ್ಕೊಂದು. ಇದರ ಜೊತೆ ಕೀಮೊ ಸೇರಿಸುವ ದಾರಿಯೂ ಇದೆ. ಹಾಗೆ ಸೇರಿಸಿದರೆ ಕಾಯಿಲೆ ಇನ್ನಷ್ಟು ಕಾಲ ಹಿಡಿತದಲ್ಲಿರುತ್ತದೆ ಎಂದು ಫ್ಲಾರಾ-2 ಎಂಬ ಅಧ್ಯಯನ 2023ರಲ್ಲಿ ತೋರಿಸಿತು. ಸುಸ್ತು, ವಾಂತಿ, ರಕ್ತಕಣ ಇಳಿಯುವುದು ಜಾಸ್ತಿ. ಡಾಕ್ಟರ್ ಎರಡನ್ನೂ ಎದುರಿಗಿಟ್ಟರು. ಮೆದುಳು ಚೊಕ್ಕವಾಗಿತ್ತು, ಹರಡಿದ್ದೂ ಕಡಿಮೆ. ಅಕ್ಕ ಮಾತ್ರೆಯೊಂದೇ ಸಾಕು ಅಂದಳು. ಅದು ಅವಳ ತೀರ್ಮಾನ, ನಾವ್ಯಾರೂ ಬಾಯಿ ಹಾಕಲಿಲ್ಲ.

ಎಷ್ಟು ಕಾಲ ಕೆಲಸ ಮಾಡುತ್ತದೆ ಎಂದು ಕೇಳಿದ್ದು ನಾನು. 2018ರಲ್ಲಿ ಪ್ರಕಟವಾದ ಫ್ಲಾರಾ ಅಧ್ಯಯನದಲ್ಲಿ ಒಸಿಮರ್ಟಿನಿಬ್ ತೆಗೆದುಕೊಂಡವರಲ್ಲಿ ಕಾಯಿಲೆ ಮತ್ತೆ ಬೆಳೆಯುವವರೆಗಿನ ಅವಧಿಯ ಮೀಡಿಯನ್ 18.9 ತಿಂಗಳು. ಹಳೆಯ ಮಾತ್ರೆಗಳಲ್ಲಿ 10.2. ಭಾವ ಇದನ್ನು ಕೇಳಿ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಲು ಹೊರಟರು. ಲೆಕ್ಕದವನಾಗಿ ನಾನು ತಡೆದೆ. ಮೀಡಿಯನ್ ಅಂದರೆ ಸಾಲಿನ ನಡುವೆ ನಿಂತವರ ಅಂಕಿ. ಅರ್ಧದಷ್ಟು ಜನ ಅದಕ್ಕಿಂತ ಮುಂದೆ ಹೋಗಿರುತ್ತಾರೆ, ಕೆಲವರು ಬಹಳ ಮುಂದೆ. ಅದು ಯಾರೊಬ್ಬರ ವಾಯಿದೆಯೂ ಅಲ್ಲ.

ಮಾತ್ರೆ ಶುರುವಾದ ಕೆಲವೇ ವಾರಕ್ಕೆ ಕೆಮ್ಮು ಇಳಿಯಿತು. ಮೊದಲ ಸ್ಕ್ಯಾನ್‌ನಲ್ಲಿ ಗೆಡ್ಡೆ ಕುಗ್ಗಿತ್ತು, ನೀರು ಹೆಚ್ಚುಕಮ್ಮಿ ಆರಿತ್ತು. ಮಾತ್ರೆ ಅಂದಮಾತ್ರಕ್ಕೆ ತೊಂದರೆಯೇ ಇಲ್ಲ ಅಂತಲ್ಲ. ಮುಖ, ಎದೆಯ ಮೇಲೆ ಮೊಡವೆಯಂಥ ಗುಳ್ಳೆ ಎದ್ದವು. ಬೇಧಿ ಆಗಾಗ. ಅಕ್ಕನನ್ನು ಎಲ್ಲಕ್ಕಿಂತ ಕಾಡಿದ್ದು ಉಗುರಿನ ಅಂಚು ಕೆಂಪಾಗಿ ಊದಿಕೊಂಡು ಕೀವಾಗುವುದು. ಗುಂಡಿ ಹಾಕಲೂ ನೋವು. ಉಗುರನ್ನು ತೀರಾ ಒತ್ತಿ ಕತ್ತರಿಸಬಾರದು, ನೀರಿನ ಕೆಲಸಕ್ಕೆ ಗ್ಲೌಸ್ ಬೇಕು, ಚರ್ಮಕ್ಕೆ ವಾಸನೆಯಿಲ್ಲದ ಕ್ರೀಮ್ ದಿನಾ ಹಚ್ಚಬೇಕು, ಬಿಸಿಲಿಗೆ ಮೈ ಒಡ್ಡಬಾರದು. ಇಷ್ಟು ಮಾಡಿದ ಮೇಲೆ ಸುಧಾರಿಸಿತು. ಹೃದಯದ ಲಯ ನೋಡಲು ಇಸಿಜಿ ಆಗಾಗ ಮಾಡಿಸುತ್ತಾರೆ. ಹೊಸದಾಗಿ ಕೆಮ್ಮು, ಉಸಿರಾಟದ ತೊಂದರೆ, ಜ್ವರ ಬಂದರೆ ಮಾತ್ರ ಮುಂದಿನ ಅಪಾಯಿಂಟ್‌ಮೆಂಟ್‌ಗೆ ಕಾಯಬಾರದು. ಅದು ಮಾತ್ರೆಯಿಂದಲೇ ಬಂದ ಶ್ವಾಸಕೋಶದ ಊತವಿರಬಹುದು. ಬೇರೆ ಮದ್ದು, ಗಿಡಮೂಲಿಕೆ ಏನೇ ಶುರು ಮಾಡಿದರೂ ಡಾಕ್ಟರಿಗೆ ಹೇಳಬೇಕು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್‌ನಂಥ ಮದ್ದು ರಕ್ತದಲ್ಲಿ ಈ ಮಾತ್ರೆಯ ಪ್ರಮಾಣವನ್ನು ಇಳಿಸಿಬಿಡುತ್ತದೆ.

ಪ್ಯಾಲಿಯೇಟಿವ್ ಕೇರ್, ಅಂದರೆ ನೋವು, ಸಂಕಟ ಕಡಿಮೆ ಮಾಡುವ ಆರೈಕೆಯ ಡಾಕ್ಟರನ್ನು ನೋಡಿ ಅಂದಾಗ ಮನೆಯಲ್ಲಿ ಅಳು. ಕೈಬಿಟ್ಟರು ಎಂದೇ ಎಲ್ಲರೂ ತಿಳಿದರು. ಆದರೆ 2010ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೇ ಕಾಯಿಲೆಯವರ ಮೇಲೆ ನಡೆದದ್ದು. ಹರಡಿದ ನಾನ್-ಸ್ಮಾಲ್ ಸೆಲ್ ಇರುವವರಿಗೆ ಚಿಕಿತ್ಸೆಯ ಜೊತೆಗೆ ಮೊದಲಿನಿಂದಲೇ ಪ್ಯಾಲಿಯೇಟಿವ್ ಕೇರ್ ಕೊಟ್ಟಾಗ ಬದುಕು ಹಗುರವಾಯಿತು, ಮನಸ್ಸಿನ ಕುಗ್ಗು ಕಡಿಮೆಯಾಯಿತು. ಅಷ್ಟೇ ಅಲ್ಲ, ಬದುಕಿದ ಅವಧಿಯ ಮೀಡಿಯನ್ ಕೂಡ 8.9ರಿಂದ 11.6 ತಿಂಗಳಿಗೆ ಏರಿತು. ಅಕ್ಕನ ನಿದ್ದೆ ಸರಿಹೋದದ್ದು, ಭಾವ ಆಸ್ಪತ್ರೆಯೊಳಗೆ ಹಿಂಜರಿಯದೆ ಕಾಲಿಡಲು ಶುರು ಮಾಡಿದ್ದು ಆ ಡಾಕ್ಟರಿಂದ.

ಬಹಳ ಕಾಲ ಸ್ಕ್ಯಾನ್‌ಗಳು ಒಂದೇ ಥರ ಬಂದವು. ಆಮೇಲೆ ಒಂದರಲ್ಲಿ ಬೆನ್ನುಮೂಳೆಯ ಒಂದು ಕಡೆ ಹೊಸ ಚುಕ್ಕೆ ಕಂಡಿತು. ಉಳಿದದ್ದೆಲ್ಲ ಸುಮ್ಮನಿತ್ತು. ಮಾತ್ರೆ ಸೋತಿತು ಎಂದು ನಾವು ಹೆದರಿದ್ದೆವು. ಒಂದೇ ಜಾಗದಲ್ಲಿ ಬೆಳೆದಿದ್ದರೆ ಅಲ್ಲಿಗಷ್ಟೇ ರೇಡಿಯೇಷನ್ ಕೊಟ್ಟು ಅದೇ ಮಾತ್ರೆ ಮುಂದುವರಿಸಬಹುದು ಎಂದರು ಡಾಕ್ಟರ್. ಹಾಗೇ ಮಾಡಿದರು. ಮುಂದೆ ಹಲವು ಕಡೆ ಬೆಳೆದರೆ ಮತ್ತೆ ಸೂಜಿ ಬಯಾಪ್ಸಿ ಬೇಕಾಗುತ್ತದೆ. ಕ್ಯಾನ್ಸರ್ ಯಾವ ದಾರಿಯಲ್ಲಿ ತಪ್ಪಿಸಿಕೊಂಡಿದೆ ಎಂದು ನೋಡಬೇಕು. ಮೆಟ್ ಜೀನ್‌ನ ಪ್ರತಿಗಳು ಹೆಚ್ಚಿರಬಹುದು, ಇಜಿಎಫ್‌ಆರ್‌ನಲ್ಲೇ ಸಿ797ಎಸ್ ಎಂಬ ಹೊಸ ಬದಲಾವಣೆ ಬಂದಿರಬಹುದು. ಕೆಲವರಲ್ಲಿ ಕಾಯಿಲೆ ಸ್ಮಾಲ್ ಸೆಲ್ ಎಂಬ ಬೇರೆಯೇ ಬಗೆಯಾಗಿ ಮಾರ್ಪಡುತ್ತದೆ. ಅದಕ್ಕೆ ಕೊಡುವ ಕೀಮೊ ಬೇರೆ. ಹಾಗೆ ಮಾರ್ಪಟ್ಟಿದೆಯೇ ಎಂದು ಖಚಿತಪಡಿಸಿಕೊಳ್ಳಲು ರಕ್ತ ಪರೀಕ್ಷೆ ಸಾಲದು, ಜೀವಕೋಶವನ್ನೇ ಮೈಕ್ರೋಸ್ಕೋಪ್ ಕೆಳಗೆ ನೋಡಬೇಕು. ಸ್ಯಾಂಪಲ್ ಈ ಸಲ ಜಾಸ್ತಿ ತೆಗೆಯಿರಿ ಎಂದು ಹೇಳುವುದನ್ನು ನನಗಿಂತ ಮೊದಲು ಭಾವನೇ ಚೀಟಿಯಲ್ಲಿ ಬರೆದಿಟ್ಟಿದ್ದಾರೆ.