ಹಗ್ಗ ಬಿಚ್ಚುವ ಮುನ್ನ: ಬೆಂಗಳೂರಿನ ಪಾರ್ಕುಗಳಲ್ಲಿ ನಾಯಿಯೊಂದಿಗೆ

ಬೆಂಗಳೂರಿನ ಯಾವುದೇ ಬಡಾವಣೆಯ ಪಾರ್ಕಿನಲ್ಲಿ ಬೆಳಗ್ಗೆ ಅರ್ಧ ಗಂಟೆ ಕುಳಿತರೆ ಸಾಕು, "ಅದು ಏನೂ ಮಾಡೋದಿಲ್ಲ, ನೀವು ಬನ್ನಿ" ಎಂಬ ಮಾತು ಒಮ್ಮೆಯಾದರೂ ಕಿವಿಗೆ ಬೀಳುತ್ತದೆ. ಹೇಳುವವರು ನಾಯಿಯ ಯಜಮಾನರು. ಕೇಳಿಸಿಕೊಳ್ಳುವವರು ಸಾಮಾನ್ಯವಾಗಿ ಬೆಂಚಿನ ಮೇಲೆ ಕಾಲೆತ್ತಿಕೊಂಡು ಕುಳಿತ ಹಿರಿಯರೋ, ಮಗುವನ್ನು ಸೊಂಟಕ್ಕೆ ಎತ್ತಿಕೊಂಡ ತಾಯಿಯೋ ಆಗಿರುತ್ತಾರೆ. ಕೆಲವು ವರ್ಷಗಳ ಹಿಂದೆ ಈ ಮಾತನ್ನು ನಾನೂ ಹೇಳಿದ್ದೇನೆ. ಮುಧೋಳ ತಳಿಯ ಬೆರಕೆಯಾದ, ಹದಿನಾಲ್ಕು ತಿಂಗಳ ನನ್ನ ಹೆಣ್ಣುನಾಯಿಯನ್ನು ಮನೆ ಹತ್ತಿರದ ಪಾರ್ಕಿನಲ್ಲಿ ಬಿಚ್ಚಿ ಬಿಟ್ಟಿದ್ದೆ. ಹೊಂಗೆಮರದಿಂದ ಅಳಿಲೊಂದು ಇಳಿದದ್ದೇ ತಡ, ಅದು ಬಾಣದಂತೆ ಹೊರಟಿತು. ಎದುರಿಗೆ ನಡೆದು ಬರುತ್ತಿದ್ದ ಹಿರಿಯರೊಬ್ಬರು ಗಾಬರಿಯಿಂದ ಪಕ್ಕಕ್ಕೆ ಸರಿಯಲು ಹೋಗಿ ಕಲ್ಲುಬೆಂಚಿಗೆ ತಾಗಿ ಕೆಳಗೆ ಬಿದ್ದರು. ಕನ್ನಡಕದ ಒಂದು ಕಡ್ಡಿ ಮುರಿದಿತ್ತು, ಅಂಗೈ ತರಚಿತ್ತು. ನಾಯಿ ಅವರನ್ನು ಮುಟ್ಟಿಯೂ ಇರಲಿಲ್ಲ. "ಅದು ಏನೂ ಮಾಡಲ್ಲ ಸಾರ್" ಎಂದೆ. "ಅದು ನನಗೆ ಹೇಗಮ್ಮ ಗೊತ್ತಾಗಬೇಕು?" ಎಂದು ಅವರು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ.

ಆದ್ದರಿಂದ ಹಗ್ಗ ಬಿಚ್ಚಬಹುದೇ ಎಂದು ತೀರ್ಮಾನಿಸುವಾಗ ನಾಯಿ ಒಳ್ಳೆಯದೋ ಕೆಟ್ಟದ್ದೋ ಎಂದು ನೋಡುತ್ತ ಕೂರಬಾರದು. ಕರೆದ ತಕ್ಷಣ, ಎದುರಿಗೆ ಅಳಿಲಿದ್ದರೂ ಬೇರೊಂದು ನಾಯಿಯಿದ್ದರೂ, ಅದು ತಿರುಗಿ ಬರುತ್ತದೆಯೇ ಎಂದು ನೋಡಬೇಕು. ಬಾರದ ನಾಯಿ ಎಷ್ಟೇ ಸಾಧುವಾಗಿರಲಿ, ಅದರ ಜಾಗ ಹಗ್ಗದ ತುದಿಯೇ.

ನಿಯಮ ಏನು ಹೇಳುತ್ತದೆ

ಲಾಲ್‌ಬಾಗಿನೊಳಗೆ ಸಾಕುನಾಯಿಗಳಿಗೆ ಪ್ರವೇಶವೇ ಇಲ್ಲ. ಕಬ್ಬನ್ ಪಾರ್ಕಿಗೆ ಕರೆದೊಯ್ಯಬಹುದು, ಆದರೆ ಹಗ್ಗದಲ್ಲಿ ಮಾತ್ರ. ಬಿಟ್ಟು ಓಡಿಸಲು ಅಲ್ಲಿಯೇ ಬೇಲಿ ಹಾಕಿದ ಪ್ರತ್ಯೇಕ ಜಾಗವಿದೆ. ಈ ಅನುಮತಿಯೂ ಶಾಶ್ವತವೆಂದು ಭಾವಿಸಬೇಕಾಗಿಲ್ಲ. ಹಗ್ಗವಿಲ್ಲದೆ ಅಲೆಯುವ ನಾಯಿಗಳು ಮತ್ತು ಎತ್ತದೆ ಬಿಟ್ಟ ಮಲದ ಬಗ್ಗೆ ದೂರುಗಳು ಹೆಚ್ಚಾಗಿ, 2022ರಲ್ಲಿ ತೋಟಗಾರಿಕೆ ಇಲಾಖೆ ಅಲ್ಲಿಗೆ ಸಾಕುನಾಯಿಗಳನ್ನು ತರುವುದನ್ನೇ ನಿಷೇಧಿಸುವ ಮಾತೆತ್ತಿತ್ತು. ನಾಯಿ ಸಾಕಿದವರು ಒಟ್ಟಾಗಿ ಮನವಿ ಮಾಡಿಕೊಂಡ ಮೇಲೆ ನಿಷೇಧ ಜಾರಿಗೆ ಬರಲಿಲ್ಲ. ಬಡಾವಣೆಯ ಪಾರ್ಕುಗಳಲ್ಲಿ ಪದ್ಧತಿ ಒಂದೊಂದು ಕಡೆ ಒಂದೊಂದು ರೀತಿ ಇರುವುದರಿಂದ, ಗೇಟಿನ ಬಳಿಯ ಫಲಕವನ್ನು ಓದಿಯೇ ಒಳಗೆ ಹೋಗುವುದು ಒಳ್ಳೆಯದು.

ಫಲಕವಿಲ್ಲದಿದ್ದರೂ ಕಾನೂನು ಇದ್ದೇ ಇದೆ. ತನ್ನ ವಶದಲ್ಲಿರುವ ಪ್ರಾಣಿಯಿಂದ ಮನುಷ್ಯರ ಜೀವಕ್ಕೆ ಅಪಾಯವೋ ತೀವ್ರ ಗಾಯವೋ ಆಗಬಹುದಾದ ಸಂದರ್ಭದಲ್ಲಿ ಸಾಕಷ್ಟು ಎಚ್ಚರ ವಹಿಸದವರಿಗೆ, ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಆರು ತಿಂಗಳವರೆಗೆ ಸೆರೆವಾಸ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದೆಂದು ಹೇಳುತ್ತದೆ. ತಳಿ ಯಾವುದು ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ 23 ತಳಿಗಳನ್ನು ಅಪಾಯಕಾರಿ ಎಂದು ಪಟ್ಟಿ ಮಾಡಿ ಹೊರಡಿಸಿದ ಸುತ್ತೋಲೆಯನ್ನು ಮರುತಿಂಗಳೇ ಕರ್ನಾಟಕ ಹೈಕೋರ್ಟ್ ರದ್ದುಪಡಿಸಿತು. ಆದರೆ ಯಜಮಾನರ ಹೊಣೆ ಅದರೊಂದಿಗೆ ರದ್ದಾಗಲಿಲ್ಲ. ರೇಬೀಸ್ ಲಸಿಕೆಯ ಪುಸ್ತಕದ ಫೋಟೊವನ್ನು ಸದಾ ಮೊಬೈಲಿನಲ್ಲಿಟ್ಟುಕೊಂಡಿರಿ. ನಾಯಿ ಸಾಕುವ ಪರವಾನಗಿಯ ವಿಷಯಕ್ಕೆ ಬಂದರೆ, 2025ರ ಸೆಪ್ಟೆಂಬರ್‌ನಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಐದು ನಗರ ಪಾಲಿಕೆಗಳಿರುವುದರಿಂದ, ನಿಮ್ಮ ಮನೆ ಯಾವ ಪಾಲಿಕೆಗೆ ಸೇರಿದೆ ಎಂದು ಮೊದಲು ನೋಡಿಕೊಳ್ಳಿ.

ಕರೆದರೆ ಬರುವಂತೆ ಕಲಿಸುವುದು

ಇದು ಒಂದು ವಾರದಲ್ಲಿ ಮುಗಿಯುವ ಕೆಲಸವಲ್ಲ. ಮೂರರಿಂದ ಆರು ತಿಂಗಳು ಎಂದಿಟ್ಟುಕೊಳ್ಳಿ. ಮೊದಲಿಗೆ ಒಂದು ಪದವನ್ನು ಆರಿಸಿಕೊಳ್ಳಬೇಕು. "ಬಾ" ಎಂಬುದನ್ನು ಮನೆಯಲ್ಲಿ ಎಲ್ಲರೂ ಎಲ್ಲರಿಗೂ ದಿನಕ್ಕೆ ಐವತ್ತು ಸಲ ಹೇಳುವುದರಿಂದ ನಾಯಿಯ ಪಾಲಿಗೆ ಅದು ಫ್ಯಾನಿನ ಸದ್ದಿನಂತೆ ಅರ್ಥವಿಲ್ಲದ್ದಾಗಿರುತ್ತದೆ. ನಾಯಿಯ ಹೆಸರೂ ಬೇಡ, ಏಕೆಂದರೆ ಬೈಯುವಾಗಲೂ ನಾವು ಹೆಸರನ್ನೇ ಹಿಡಿದು ಬೈಯುತ್ತೇವೆ. ನಮ್ಮ ಮನೆಯಲ್ಲಿ "ಓಡೋಡಿ" ಎಂಬ ಪದವನ್ನು ಇಟ್ಟುಕೊಂಡೆವು. ಪಕ್ಕದ ಮನೆಯವರು ನಕ್ಕರು, ಆದರೆ ಆ ಪದವನ್ನು ಬೇರೆ ಯಾವುದಕ್ಕೂ ಯಾರೂ ಬಳಸುವುದಿಲ್ಲ.

ಪದ ಹೇಳಿ, ಕೂಡಲೇ ಒಂದು ತುಂಡು ಬೇಯಿಸಿದ ಕೋಳಿಮಾಂಸವನ್ನೋ ಪನ್ನೀರನ್ನೋ ಕೊಡಿ. ಮೊದಲ ವಾರ ಇಷ್ಟೇ: ನಾಯಿ ಪಕ್ಕದಲ್ಲೇ ಇರಲಿ, ಪದ, ತಿನಿಸು, ಪದ, ತಿನಿಸು. ದಿನವೂ ಬಟ್ಟಲಿನಲ್ಲಿ ಸಿಗುವ ಒಣ ಆಹಾರದ ಕಾಳುಗಳನ್ನು ಇಲ್ಲಿ ಬಳಸಬೇಡಿ, ಅಳಿಲಿನ ಎದುರು ಅವಕ್ಕೆ ಬೆಲೆಯಿಲ್ಲ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟು ಮತ್ತು ಈರುಳ್ಳಿ ಸೇರಿದ ಯಾವುದೂ ನಾಯಿಗೆ ಆಗದು. ಎರಡನೆಯ ವಾರದಿಂದ ಇನ್ನೊಂದು ಕೋಣೆಯಿಂದ ಕರೆಯಿರಿ, ಆಮೇಲೆ ತಾರಸಿಯಲ್ಲಿ, ಆಮೇಲೆ ಜನರಿಲ್ಲದ ಹೊತ್ತಿನ ಮೈದಾನದಲ್ಲಿ. ಹೊರಗೆ ಹೋದ ಮೇಲೆ ಸುಮಾರು ಹತ್ತು ಮೀಟರ್ ಉದ್ದದ ಹತ್ತಿಹಗ್ಗ ಬೇಕು. ಅದನ್ನು ಕೊರಳಪಟ್ಟಿಗಲ್ಲ, ಎದೆಗೆ ಕಟ್ಟುವ ಹಾರ್ನೆಸ್ಸಿಗೆ ಸಿಕ್ಕಿಸಬೇಕು, ಇಲ್ಲವಾದರೆ ಓಟದ ನಡುವೆ ಹಗ್ಗ ಬಿಗಿಯಾದಾಗ ಕತ್ತಿಗೆ ಪೆಟ್ಟಾಗುತ್ತದೆ. ಹಗ್ಗ ನೆಲದ ಮೇಲೆ ಎಳೆದುಕೊಂಡು ಹೋಗುತ್ತಿರಲಿ. ನಾಯಿಗೆ ಬಿಡುಗಡೆಯಾದಂತೆ ಅನ್ನಿಸುತ್ತದೆ, ತುದಿ ಮಾತ್ರ ನಿಮ್ಮ ಕಾಲ ಕೆಳಗಿರುತ್ತದೆ. ಗುಂಡಿ ಒತ್ತಿದರೆ ಉದ್ದವಾಗುವ, ತೆಳುದಾರದ ಲೀಶ್ ಇದಕ್ಕೆ ಸಲ್ಲದು. ಆ ದಾರ ಕೈಯನ್ನೂ ಪಕ್ಕದಲ್ಲಿ ಹೋಗುವವರ ಕಾಲನ್ನೂ ಕೊಯ್ಯುತ್ತದೆ.

ಹೆಚ್ಚಿನವರು ಎಡವುವುದು ಎರಡು ಕಡೆ. ತಡವಾಗಿ ಬಂದ ನಾಯಿಗೆ ಬೈಯುತ್ತಾರೆ. ನಾಯಿಯ ತಲೆಯಲ್ಲಿ ಆ ಬೈಗುಳ ತಡಮಾಡಿದ್ದಕ್ಕಲ್ಲ, ಬಂದದ್ದಕ್ಕೆ ಸಿಕ್ಕ ಶಿಕ್ಷೆಯಾಗಿ ಉಳಿಯುತ್ತದೆ. ಇನ್ನು ಕೆಲವರು ಮನೆಗೆ ಹೊರಡುವಾಗ ಮಾತ್ರ ಕರೆಯುತ್ತಾರೆ. ಕರೆ ಎಂದರೆ ಆಟ ಮುಗಿಯಿತು ಎಂದು ನಾಯಿ ಎರಡೇ ದಿನದಲ್ಲಿ ಕಲಿತು, ಮೂರನೆಯ ದಿನ ಮೂರಡಿ ದೂರದಲ್ಲಿ ನಿಂತು ಕುಣಿಯುತ್ತದೆ. ಹತ್ತು ಸಲ ಕರೆದರೆ ಒಂಬತ್ತು ಸಲ ಕೊರಳಪಟ್ಟಿ ಹಿಡಿದು, ತಿನಿಸು ಕೊಟ್ಟು, ಮತ್ತೆ ಆಡಲು ಬಿಡಬೇಕು. ಹಾಗೆಯೇ, ಬರುವುದಿಲ್ಲವೆಂದು ನಿಮಗೆ ಖಚಿತವಿದ್ದಾಗ ಕರೆದು ಪದವನ್ನು ಸವೆಸಬೇಡಿ. ಮಾತಿಲ್ಲದೆ ನಡೆದುಹೋಗಿ ಹಗ್ಗ ಹಿಡಿಯಿರಿ.

ಆರು ತಿಂಗಳಿಂದ ಒಂದೂವರೆ ವರ್ಷದವರೆಗಿನ ಹರೆಯದಲ್ಲಿ ಕಲಿತದ್ದೆಲ್ಲ ಮರೆತಂತೆ ಕಾಣುವುದು ಸಹಜ. ಆಗ ಉದ್ದ ಹಗ್ಗಕ್ಕೆ ಮರಳಬೇಕು. ಮುಧೋಳದಂಥ ಬೇಟೆನಾಯಿಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಕಟುವಾಗಿಯೇ ಇದೆ. ಕಣ್ಣಿಗೆ ಬಿದ್ದದ್ದನ್ನು ಅಟ್ಟಿಸಿಕೊಂಡು ಹೋಗಲೆಂದೇ ತಲೆಮಾರುಗಳಿಂದ ಬೆಳೆಸಿದ ತಳಿಯದು, ಓಡತೊಡಗಿದ ಮೇಲೆ ಅದರ ಕಿವಿ ಕೆಲಸ ಮಾಡುವುದಿಲ್ಲ. ಬೇಲಿಯಿಲ್ಲದ ಜಾಗದಲ್ಲಿ ಅದನ್ನು ಎಂದಿಗೂ ಬಿಡಬಾರದು. ನನ್ನ ನಾಯಿಗೆ ಈಗ ಏಳು ವರ್ಷ, ಮನೆಯಲ್ಲಿ ಪದ ಕೇಳಿದರೆ ಜಾರುವ ನೆಲದ ಮೇಲೂ ಓಡಿ ಬರುತ್ತದೆ, ಪಾರ್ಕಿನಲ್ಲಿ ಇಂದಿಗೂ ಹಗ್ಗದಲ್ಲೇ ಇರುತ್ತದೆ.

ಪಾರ್ಕಿನ ಒಳಗೆ

ಬೆಳಗ್ಗೆ ಆರರಿಂದ ಎಂಟರವರೆಗೆ ನಡಿಗೆಯವರ ಹೊತ್ತು. ಸಾಧ್ಯವಾದರೆ ಅದಕ್ಕೆ ಮುಂಚೆಯೋ ಆಮೇಲೋ ಹೋಗಿ. ಕಾಲುದಾರಿಯಲ್ಲಿ ನಾಯಿಯನ್ನು ಅಂಚಿನ ಕಡೆಗಿಟ್ಟುಕೊಂಡು ನಡೆಯಿರಿ, ನೀವು ನಡುವೆ ಇರಬೇಕು. ಎದುರಿನವರು ಹೆಜ್ಜೆ ನಿಧಾನಿಸಿದರೆ, ಸೆರಗನ್ನು ಎಳೆದುಕೊಂಡರೆ, ಕೈಯಲ್ಲಿದ್ದ ಚೀಲವನ್ನು ಎದೆಗೆತ್ತಿಕೊಂಡರೆ, ಅವರು ಏನೂ ಹೇಳುವ ಮೊದಲೇ ಹಗ್ಗವನ್ನು ಗಿಡ್ಡ ಮಾಡಿ ಪಕ್ಕಕ್ಕೆ ನಿಲ್ಲಿ. ಸ್ಕೂಟರಿನಲ್ಲಿ ಹೋಗುವಾಗ ನಾಯಿಗಳು ಅಟ್ಟಿಸಿಕೊಂಡು ಬಂದ ನೆನಪು ಈ ಊರಿನಲ್ಲಿ ಬಹಳ ಜನರಿಗಿದೆ. ಆ ಭಯವನ್ನು ವಾದದಿಂದ ಕಳೆಯಲಾಗುವುದಿಲ್ಲ. ಮಕ್ಕಳ ಆಟದ ಜಾಗ, ಮರಳಿನ ಗುಂಡಿ ಮತ್ತು ವ್ಯಾಯಾಮದ ಉಪಕರಣಗಳಿರುವ ಕಡೆಗೆ ನಾಯಿ ಹೋಗಲೇಬಾರದು. ಕಚ್ಚುವ ಅಭ್ಯಾಸದ ಶಂಕೆ ಎಳ್ಳಷ್ಟಿದ್ದರೂ ಬಾಯಿಕುಕ್ಕೆ ಹಾಕಿ. ಉಸಿರಾಡಲು, ನೀರು ಕುಡಿಯಲು ಆಗುವ ಬುಟ್ಟಿಯಾಕಾರದ್ದಾದರೆ ಅದರಲ್ಲಿ ಕ್ರೌರ್ಯವೇನೂ ಇಲ್ಲ.

ಬೇರೆ ನಾಯಿ ಎದುರಾದಾಗ, ಅದು ಹಗ್ಗದಲ್ಲಿದ್ದು ನಿಮ್ಮದು ಬಿಚ್ಚಿಕೊಂಡಿದ್ದರೆ ಜಗಳದ ಸಾಧ್ಯತೆ ಹೆಚ್ಚು. ಕಟ್ಟಿರುವ ನಾಯಿಗೆ ಓಡಿಹೋಗುವ ದಾರಿ ಇರುವುದಿಲ್ಲ, ಆದ್ದರಿಂದ ಅದು ಮೊದಲೇ ಹಲ್ಲು ತೋರಿಸುತ್ತದೆ. ಮುಖಾಮುಖಿ ಬಿಡದೆ, ಬಳಸಿಕೊಂಡು ಬರುವಂತೆ ನಡೆಸಿ; ಆ ಯಜಮಾನರನ್ನು ಕೇಳಿ, ಅವರು ಒಪ್ಪಿದರೆ ಮೂರು ಎಣಿಸುವವರೆಗೆ ಮೂಸಲು ಬಿಟ್ಟು ಮುಂದೆ ಸಾಗಿ. ಬಾಲ ಆಡುತ್ತಿದೆ ಎಂದ ಮಾತ್ರಕ್ಕೆ ಸ್ನೇಹವೆಂದು ತಿಳಿಯಬಾರದು. ಮೈ ಸೆಟೆದು, ಬಾಲ ಮೇಲೆ ನಿಂತು ತುದಿ ಮಾತ್ರ ನಡುಗುತ್ತಿದ್ದರೆ, ಕಣ್ಣಿನ ಬಿಳಿಭಾಗ ಅರ್ಧಚಂದ್ರದಂತೆ ಕಂಡರೆ, ನಿದ್ದೆಯಿಲ್ಲದ ಆಕಳಿಕೆ ಬಂದರೆ, ಅಲ್ಲಿಂದ ಹೊರಡುವುದೇ ಸರಿ. ಪಾರ್ಕಿನ ಬೀದಿನಾಯಿಗಳು ಅಲ್ಲಿಯ ನಿವಾಸಿಗಳು. ಕಿವಿಯ ತುದಿ ಕತ್ತರಿಸಿದ ಗುರುತಿದ್ದರೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ ಎಂದು ಅರ್ಥ. ಅವು ಬೊಗಳುತ್ತ ಬಂದರೆ ಓಡಬೇಡಿ, ನಿಮ್ಮ ನಾಯಿಯನ್ನು ಎತ್ತಿಕೊಳ್ಳಲೂ ಬೇಡಿ. ಅದನ್ನು ಹಿಂದಕ್ಕಿಟ್ಟುಕೊಂಡು, ಅವುಗಳತ್ತ ಬೆನ್ನು ತಿರುಗಿಸದೆ ಬಂದ ದಾರಿಯಲ್ಲೇ ಹೆಜ್ಜೆ ಹೆಜ್ಜೆಯಾಗಿ ಹಿಂದೆ ಸರಿಯಿರಿ.

ಮಲ ಎತ್ತುವ ವಿಷಯದಲ್ಲಿ ವಿನಾಯಿತಿ ಇಲ್ಲ. "ಹುಲ್ಲಿನೊಳಗೆ ಮಾಡಿತು, ಗೊಬ್ಬರವಾಗುತ್ತದೆ" ಎನ್ನುವವರು ಆ ಹುಲ್ಲಿನಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಬರಿಗೈಯಲ್ಲಿ ಕಳೆ ಕೀಳುವ ಹೆಂಗಸರನ್ನು ಒಮ್ಮೆ ನೋಡಬೇಕು. ಅದು ಮೊದಲು ಸಿಗುವುದು ಅವರ ಬೆರಳಿಗೆ. ನಾಯಿಯ ಮಲದಲ್ಲಿರುವ ದುಂಡುಹುಳುವಿನ ಮೊಟ್ಟೆಗಳು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿದು, ಮಣ್ಣಾಡುವ ಮಕ್ಕಳ ಹೊಟ್ಟೆ ಸೇರುತ್ತವೆ, ಕೆಲವೊಮ್ಮೆ ಕಣ್ಣಿಗೂ ಹಾನಿ ಮಾಡುತ್ತವೆ. ಮಡಿಸಿದ ಹಳೆಯ ದಿನಪತ್ರಿಕೆಯನ್ನು ನಾಯಿ ಕುಕ್ಕರಿಸಿದ ಕ್ಷಣ ಹಿಂದಿನಿಂದ ಜಾರಿಸಿದರೆ ನೆಲಕ್ಕೆ ತಾಗುವುದೇ ಇಲ್ಲ, ಒಂದು ವಾರದಲ್ಲಿ ಕೈ ಪಳಗುತ್ತದೆ. ಮನೆಗೆ ತಂದು ಮಲವನ್ನು ಕಮೋಡಿಗೆ ಹಾಕಿ ನೀರು ಬಿಡಿ. ಹಸಿಕಸದ ಬುಟ್ಟಿಗೆ ಸೇರಿಸಿದರೆ ಪೌರಕಾರ್ಮಿಕರು ಅದನ್ನು ಕೈಯಲ್ಲಿ ಬೇರ್ಪಡಿಸಬೇಕಾಗುತ್ತದೆ.

ಮರಿಗಳನ್ನು ಕೊನೆಯ ಸುತ್ತಿನ ಲಸಿಕೆ ಮುಗಿದು ಎರಡು ವಾರವಾಗುವವರೆಗೆ ಪಾರ್ಕಿನ ನೆಲಕ್ಕೆ ಇಳಿಸಬೇಡಿ, ಮರಿಗಳ ಜೀವಕ್ಕೇ ಕುತ್ತು ತರುವ ಪಾರ್ವೊ ವೈರಾಣು ಮಣ್ಣಿನಲ್ಲಿ ಬಹುಕಾಲ ಬದುಕುತ್ತದೆ. ಮಳೆಗಾಲದಲ್ಲಿ ನಿಂತ ನೀರು ಕುಡಿಯಲು ಬಿಡಬೇಡಿ. ಮನೆಗೆ ಬಂದ ಮೇಲೆ ಕಿವಿಯ ಮಡಿಕೆ ಮತ್ತು ಬೆರಳುಗಳ ಸಂದಿಯಲ್ಲಿ ಉಣ್ಣಿ ಹುಳು ಹುಡುಕಿ.

ಅನಾಹುತವಾದರೆ

ನಿಮ್ಮ ನಾಯಿಯ ಹಲ್ಲು ಯಾರಿಗಾದರೂ ತಾಗಿದರೆ, ತಪ್ಪು ಯಾರದೆಂಬ ಚರ್ಚೆಯನ್ನು ಪಕ್ಕಕ್ಕಿಟ್ಟು, ಮೊದಲು ನಾಯಿಯನ್ನು ಕಟ್ಟಿ, ಅವರನ್ನು ನಲ್ಲಿಯ ಬಳಿ ಕರೆದೊಯ್ಯಿರಿ. ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ, ಗಡಿಯಾರ ನೋಡಿಕೊಂಡೇ, ತೊಳೆಯಬೇಕು. ಅರಿಶಿನ, ಸುಣ್ಣ, ಕಾಫಿಪುಡಿ, ಖಾರದಪುಡಿ ಯಾವುದನ್ನೂ ಹಚ್ಚಬಾರದು. ನಾಯಿಗೆ ಲಸಿಕೆ ಆಗಿದ್ದರೂ ಅದೇ ದಿನ ವೈದ್ಯರ ಬಳಿ ಹೋಗಬೇಕು. ನೀವೇ ಜೊತೆಗೆ ಹೋಗಿ, ಲಸಿಕೆಯ ಪುಸ್ತಕ ತೋರಿಸಿ, ಖರ್ಚು ಕೊಡಿ, ನಿಮ್ಮ ಫೋನ್ ನಂಬರನ್ನು ಕೇಳುವ ಮುನ್ನವೇ ಬರೆದುಕೊಡಿ. ತೋಳಿನ ಸ್ನಾಯುವಿಗೆ ಚುಚ್ಚುವ ಲಸಿಕೆಯಾದರೆ ಸಾಮಾನ್ಯವಾಗಿ ಮೊದಲ ದಿನವನ್ನು ಸೊನ್ನೆ ಎಂದು ಎಣಿಸಿ 3, 7, 14 ಮತ್ತು 28ನೇ ದಿನಗಳಂದು ಮತ್ತೆ ಹಾಕುತ್ತಾರೆ. ಆ ದಿನಾಂಕಗಳನ್ನು ನಿಮ್ಮ ಮನೆಯ ಕ್ಯಾಲೆಂಡರಿನಲ್ಲೂ ಗುರುತು ಹಾಕಿಕೊಳ್ಳಿ. ನಾಯಿಯನ್ನು ಹತ್ತು ದಿನ ಮನೆಯಲ್ಲೇ ಇಟ್ಟು, ಊಟ ಬಿಟ್ಟಿತೇ, ಜೊಲ್ಲು ಹೆಚ್ಚಾಯಿತೇ, ನಡವಳಿಕೆ ಬದಲಾಯಿತೇ ಎಂದು ಗಮನಿಸಬೇಕು. ನಡುನಡುವೆ ಒಂದೆರಡು ಸಲ ಫೋನ್ ಮಾಡಿ, ಹನ್ನೊಂದನೆಯ ದಿನ ಬೆಳಗ್ಗೆ ಖುದ್ದಾಗಿ ಹೋಗಿ ನಾಯಿ ಆರೋಗ್ಯವಾಗಿದೆ ಎಂದು ಹೇಳಿಬನ್ನಿ, ಏಕೆಂದರೆ ಆ ಮನೆಯಲ್ಲಿಯೂ ಯಾರೋ ದಿನ ಎಣಿಸುತ್ತಿರುತ್ತಾರೆ.