ಘಟ್ಟದ ಮೇಲಿಂದ ಉಪ್ಪಳದ ಕಡಲ ಬದಿಗೆ ಬಂದವರಿಗೆ

ಚಿತ್ರದುರ್ಗದಿಂದ ಕೇರಳದ ಕಾಸರಗೋಡು ಜಿಲ್ಲೆಯ ಉಪ್ಪಳಕ್ಕೆ ಬಂದ ಹೊಸತರಲ್ಲಿ ಫೋನಿಗೆ ಬರುವ ಎಚ್ಚರಿಕೆಗಳೆಲ್ಲ ಮಲಯಾಳದಲ್ಲಿ. ಓದಲು ಬಾರದು, ಸುಮ್ನೆ ಅಳಿಸುತ್ತಿದ್ದೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂತು. ಮ್ಯಾನ್ಮಾರ್‌ನವರು ಇಟ್ಟ ಹೆಸರು, ಅರ್ಥ ಹಲ್ಲಿ! ಆ ಹಲ್ಲಿ ನಮ್ಮ ದಡಕ್ಕೆ ಕಾಲಿಡಲೇ ಇಲ್ಲ, ಕಡಲಲ್ಲೇ ಸಾಗಿ ಗುಜರಾತ್ ಸೇರಿತು. ಆದರೂ ನಮ್ಮ ಬಚ್ಚಲಿನ ಶೀಟು ಹಾರಿ ಪಕ್ಕದ ಮನೆಯ ಬಾವಿಕಟ್ಟೆಯ ಮೇಲೆ ಬಿದ್ದಿತ್ತು.

ಅದಕ್ಕೇ ಮೊದಲು ನಾಲ್ಕು ಮಾತು ಕಲಿಯಿರಿ. ‘ಚುಳಲಿಕ್ಕಾಟ್ಟ್’ ಅಂದರೆ ಚಂಡಮಾರುತ. ‘ಮಾಟ್ಟಿಪ್ಪಾರ್ಪ್ಪಿಕ್ಕುಕ’ ಅಂದರೆ ಜನರನ್ನು ಮನೆ ಬಿಡಿಸಿ ಬೇರೆ ಕಡೆ ಕಳಿಸುವುದು. ‘ದುರಿತಾಶ್ವಾಸ ಕ್ಯಾಂಪ್’ ಅಂದರೆ ಹೋಗಿ ಇರಬೇಕಾದ ಜಾಗ, ಹೆಚ್ಚಾಗಿ ಹತ್ತಿರದ ಶಾಲೆ. ನಾಲ್ಕನೆಯದು ‘ಕಳ್ಳಕ್ಕಡಲ್’. ದೂರದ ದಕ್ಷಿಣ ಸಾಗರದಲ್ಲಿ ಎದ್ದ ಅಲೆ, ಇಲ್ಲಿ ಗಾಳಿ ಮಳೆ ಏನೂ ಇಲ್ಲದಾಗಲೂ ಕಳ್ಳನ ಹಾಗೆ ಅಂಗಳಕ್ಕೆ ನುಗ್ಗುತ್ತದೆ. ಮೋಡ ನೋಡಿ ಲೆಕ್ಕ ಹಾಕುವ ನಮ್ಮ ಬಯಲುಸೀಮೆ ಬುದ್ಧಿ ಇಲ್ಲಿ ನಡೆಯಲ್ಲ.

ಮಳೆಗೆ ರೆಡ್ ಅಲರ್ಟ್ ಅಂದರೆ 24 ಗಂಟೆಯಲ್ಲಿ 20 ಸೆಂ.ಮೀ.ಗಿಂತ ಜಾಸ್ತಿ ಬೀಳಬಹುದು ಅಂತ. ಚಂಡಮಾರುತದ ಕಾಟ ಮಳೆಗಾಲದ ಹಿಂದೆ ಮುಂದೆ: ಮೇ–ಜೂನ್, ಆಮೇಲೆ ಅಕ್ಟೋಬರಿನಿಂದ ಡಿಸೆಂಬರ್.

ಮನೆ ಸುತ್ತ ತೆಂಗಿನ ಮರ ಇದೆ ಅಲ್ವಾ? ಏಪ್ರಿಲಿನಲ್ಲೇ ಮರ ಹತ್ತುವವರನ್ನು ಕರೆಸಿ ಒಣ ಮಡಲು (ತೆಂಗಿನ ಗರಿ), ಬಲಿತ ಕಾಯಿ ಇಳಿಸಿ. ಎಚ್ಚರಿಕೆ ಬಂದ ದಿನ ಯಾರೂ ಹತ್ತುವುದಿಲ್ಲ, ಹತ್ತಿಸಲೂ ಬಾರದು. ನಾನು ಬೈಕನ್ನು ಮರದ ಬುಡದಲ್ಲೇ ನಿಲ್ಲಿಸುತ್ತಿದ್ದೆ. ಪಕ್ಕದ ಮನೆಯ ಅಜ್ಜಿ ಒಂದು ದಿನ ಕೇಳಿದರು: “ಮಗಾ, ಮಡಲು ಬೀಳ್ಲಿಕ್ಕೆ ನಿನ್ನ ಹತ್ರ ಕೇಳ್ತದಾ?” ಮಾರನೇ ವಾರ ಸೀಟು ಉದ್ದಕ್ಕೆ ಹರಿದಿತ್ತು.

ಕರೆಂಟ್ ಹೋದರೆ ಪಂಪಿಲ್ಲ, ಪಂಪಿಲ್ಲದಿದ್ದರೆ ನೀರಿಲ್ಲ. ಟ್ಯಾಂಕ್, ಕೊಡಪಾನ, ಬಕೆಟ್ ಎಲ್ಲ ತುಂಬಿಸಿ. ತುಂಬಿದ ಟ್ಯಾಂಕ್ ಗಾಳಿಗೆ ಹಾರುವುದೂ ಇಲ್ಲ. ಅವಲಕ್ಕಿ, ಬೆಲ್ಲ, ಮಾತ್ರೆ, ಟಾರ್ಚು ಒಂದು ಚೀಲಕ್ಕೆ. ರೇಷನ್ ಕಾರ್ಡು, ಆಧಾರ್, ಮಕ್ಕಳ ಅಂಕಪಟ್ಟಿ ಎರಡು ಪ್ಲಾಸ್ಟಿಕ್ ಕವರಿನೊಳಗೆ. ಹೊರಡುವಾಗ ಗ್ಯಾಸ್ ಮತ್ತು ಮೇನ್ ಸ್ವಿಚ್ ಆಫ್ ಮಾಡಿ.

ವಾರ್ಡ್ ಮೆಂಬರ್ ನಂಬರು ಇವತ್ತೇ ತೆಗೆದುಕೊಳ್ಳಿ. ಕ್ಯಾಂಪಿಗೆ ಹೋಗಲು ನಾಚಿಕೆ ಬೇಡ, ನಾವು ಹೋದಾಗ ಕನ್ನಡ ಮಾತಾಡುವವರೇ ಜಾಸ್ತಿ ಇದ್ದರು. ಕರೆಂಟ್ ತಂತಿ ಬಿದ್ದಿದ್ದರೆ ಹತ್ತಿರ ಹೋಗದೆ ವಿದ್ಯುತ್ ಮಂಡಳಿಯ 1912ಕ್ಕೆ ತಿಳಿಸಿ. ಮರಳಿದ ಮೇಲೆ ಬಾವಿ ನೀರನ್ನು ಬ್ಲೀಚಿಂಗ್ ಪೌಡರ್ ಹಾಕದೆ, ಕುದಿಸದೆ ಕುಡಿಯಬೇಡಿ.

ಇನ್ನೊಂದು. ಟವರ್ ಹೋಗುವ ಮೊದಲೇ ಊರಿಗೆ ಫೋನ್ ಮಾಡಿ. ನಾನು ಮಾಡಿರಲಿಲ್ಲ. ನಮ್ಮಮ್ಮ ಟಿವಿಯಲ್ಲಿ ಯಾವುದೋ ಊರಿನ ಅಲೆ ನೋಡಿ, ಅದು ನಮ್ಮ ಮನೆಯೇ ಅಂದುಕೊಂಡು ಎರಡು ದಿನ ಊಟ ಬಿಟ್ಟಿದ್ದರು.