ಥ್ರೆಡ್ ಬುಡಕ್ಕೆ ರೋಲರ್ ಒತ್ತಿದ ಮೇಲೆ ಪಿನ್ ಮುರಿಯುವುದು ನಿಂತಿತು

ಡ್ರಿಲ್ ಕಾಲರ್ ಎಂದರೆ ಬಾವಿ ಕೊರೆಯುವಾಗ ಬಿಟ್‌ಗೆ ಭಾರ ಕೊಡುವ ದಪ್ಪ ಉಕ್ಕಿನ ಕೊಳವೆ. ಒಂದರ ಪಿನ್ (ಹೊರಗೆ ಥ್ರೆಡ್ ಇರುವ ತುದಿ) ಇನ್ನೊಂದರ ಬಾಕ್ಸ್‌ಗೆ (ಒಳಗೆ ಥ್ರೆಡ್ ಇರುವ ತುದಿ) ತಿರುಗಿಸಿ ಕೂರುತ್ತದೆ. ನಮ್ಮ ಕಾಲರ್‌ಗಳ ಪಿನ್ ಬಿರುಕು ಬಿಡುತ್ತಿದ್ದುದು ಒಂದೇ ಜಾಗದಲ್ಲಿ, ಶೋಲ್ಡರ್‌ಗೆ (ಎರಡು ತುದಿಗಳು ಮುಖಕ್ಕೆ ಮುಖ ಒತ್ತಿಕೊಳ್ಳುವ ಅಂಚಿಗೆ) ಹತ್ತಿರ, ಬಾಕ್ಸ್‌ನ ಹಿಡಿತಕ್ಕೆ ಸಿಕ್ಕ ಕೊನೆಯ ಥ್ರೆಡ್‌ನ ಬುಡದಲ್ಲಿ. ಬಾವಿ ಬಾಗಿದ್ದರೆ ಪಿನ್ ಹೋಗುವುದೇ, ಅದಕ್ಕೆ ಮದ್ದಿಲ್ಲ ಎಂಬುದು ಹಿರಿಯರ ತೀರ್ಪು. ನಾನು ಒಪ್ಪಲಿಲ್ಲ. ಬಿಎಸ್‌ಆರ್ (ಬಾಗುವಿಕೆಗೆ ಬಾಕ್ಸ್ ಮತ್ತು ಪಿನ್ ತೋರುವ ಬಲದ ಅನುಪಾತ) 2.5ರ ಆಸುಪಾಸಿನಲ್ಲೇ ಇತ್ತು, ಉಕ್ಕು ಕಾಲರ್‌ಗೆ ಬಳಸುವ 4145ಎಚ್ ದರ್ಜೆಯದು, ಗಡಸುತನವೂ ಸರಿಯಾಗಿತ್ತು.

ಮೊದಲು ಡೋಪ್, ಅಂದರೆ ಥ್ರೆಡ್‌ಗೆ ಹಚ್ಚುವ ಗ್ರೀಸ್, ಬದಲಿಸಿ ನೋಡಿದೆವು. ಎಷ್ಟು ಬಿಗಿಯಬೇಕೆಂದು ಹೇಳುವ ಟಾರ್ಕ್ ಕೋಷ್ಟಕ 0.08 ಘರ್ಷಣಾಂಕವನ್ನು ಹಿಡಿದು ಬರೆದದ್ದು. ಹೊಸ ಡೋಪ್‌ಗೆ ಲೆಕ್ಕ ತಿದ್ದಿದರೂ ಬಿರುಕು ಬಂದೇ ಬಂತು. ಆಮೇಲೆ ಒತ್ತಡ ಒಂದೆಡೆ ಕೂಡದಂತೆ ಪಿನ್‌ಗೆ ಸ್ಟ್ರೆಸ್ ರಿಲೀಫ್ ಗ್ರೂವ್ (ಶೋಲ್ಡರ್ ಬಳಿಯ ತೋಡು), ಬಾಕ್ಸ್‌ಗೆ ಬೋರ್‌ಬ್ಯಾಕ್ (ಹಿಡಿತವಿಲ್ಲದ ಒಳಥ್ರೆಡ್ ಕೆತ್ತಿ ತೆಗೆಯುವುದು) ಕೊಟ್ಟೆವು. ಸ್ವಲ್ಪ ಲಾಭವಾಯಿತು, ಸಾಲಲಿಲ್ಲ. ಅಷ್ಟರಲ್ಲಿ ಒಂದು ಕಾಲರ್ ಬಾವಿಯಲ್ಲೇ ಉಳಿಯಿತು. ಅದನ್ನು ಮೇಲೆತ್ತುವ ಫಿಶಿಂಗ್ ಫಲಿಸದೆ ಸೈಡ್‌ಟ್ರ್ಯಾಕ್ ಮಾಡಬೇಕಾಯಿತು, ಅಂದರೆ ಪಕ್ಕದಿಂದ ಹೊಸದಾಗಿ ಕೊರೆಯಬೇಕಾಯಿತು. ಆ ಒಂದು ಬಿಲ್ಲಿನ ಮುಂದೆ, ಥ್ರೆಡ್ ಬುಡವನ್ನು ರೋಲರ್‌ನಿಂದ ಒತ್ತುವ ರೋಲಿಂಗ್ ಉಪಕರಣದ ಬೆಲೆ ಏನೂ ಅಲ್ಲ. ನೆನಪಿರುವಂತೆ ರಿಗ್‌ನ ಒಂದು ದಿನದ ಬಾಡಿಗೆಯೂ ಆಗಲಿಲ್ಲ. ಆದರೂ ಅದಕ್ಕೆ ಸಹಿ ಹಾಕಿಸುವಷ್ಟರಲ್ಲಿ ನನಗೆ ಸಾಕುಸಾಕಾಗಿತ್ತು.

ರೋಲ್ ಮಾಡಿದ ಮೊದಲ ಪಿನ್‌ಗಳನ್ನು ತಪಾಸಣೆಯವರು ತಿರಸ್ಕರಿಸಿದರು. ಗೇಜ್‌ನ ಸ್ಟ್ಯಾಂಡ್‌ಆಫ್ (ಅಳತೆಯ ಗೇಜ್ ಅನ್ನು ಥ್ರೆಡ್‌ಗೆ ತೊಡಿಸಿದಾಗ ಶೋಲ್ಡರ್‌ವರೆಗೆ ಉಳಿಯುವ ಅಂತರ) ಅಷ್ಟಿಷ್ಟು ಸರಿದಿತ್ತು. ಸರಿಯದೆ ಇರುತ್ತದೆಯೇ? ಬುಡವನ್ನು ಒತ್ತಿದಾಗ ಪಿನ್ ಕೂದಲೆಳೆಯಷ್ಟು ಉದ್ದವಾಗುತ್ತದೆ; ಬುಡದಲ್ಲಿ ಉಳಿಯುವ ಆ ಒತ್ತಡವೇ ಬಿರುಕು ಬಾಯಿ ತೆರೆಯದಂತೆ ತಡೆಯುವುದು. ಗೇಜ್ ಹಾಕಬೇಕಾದದ್ದು ರೋಲಿಂಗ್‌ಗೆ ಮೊದಲು. ಹಾಗೆ ಗೇಜ್ ಹಾಕಿ, ರೋಲ್ ಆದದ್ದಕ್ಕೆ ಗುರುತು ಹೊಡೆದು ಕಳಿಸಿದ ಮೇಲೆ ತಕರಾರು ಮುಗಿಯಿತು.

ನಡುವೆ, ಸಣ್ಣ ಗುಂಡುಗಳನ್ನು ರಭಸದಿಂದ ಎರಚಿ ಮೇಲ್ಮೈ ಒತ್ತುವ ಶಾಟ್ ಪೀನಿಂಗ್ ಕೂಡ ಮಾಡಿ ನೋಡಿದೆ. ಬುಡದ ತ್ರಿಜ್ಯ 0.038 ಇಂಚು, ಅಂದರೆ ಒಂದು ಮಿಲಿಮೀಟರ್‌ಗೂ ಕಡಿಮೆ. ಗುಂಡು ಅದರ ಅರ್ಧಕ್ಕಿಂತ ಸಣ್ಣದಿರಬೇಕು. ಅಷ್ಟು ಸಣ್ಣ ಗುಂಡು ಒತ್ತುವ ಪದರ ರೋಲರ್‌ನಷ್ಟು ಆಳಕ್ಕೆ ಇಳಿಯುವುದಿಲ್ಲ. ಬೋಲ್ಟ್‌ಗಳಿಗೆ ಬೇರೆ ದಾರಿ ಹಿಡಿದೆ: ಹೀಟ್ ಟ್ರೀಟ್‌ಮೆಂಟ್ ಮುಗಿದ ಮೇಲೆ ಥ್ರೆಡ್ ರೋಲ್ ಮಾಡಿಸಿದೆ. ಮೊದಲೇ ರೋಲ್ ಮಾಡಿದರೆ ಆ ಬಿಸಿಯಲ್ಲಿ ಒತ್ತಡವೆಲ್ಲ ಕರಗಿಹೋಗುತ್ತದೆ.

ಹಿಂದೆ ಬಿರುಕು ತೋರಿಸುವ ಕಾಂತಕಣ ಪರೀಕ್ಷೆಯಲ್ಲಿ ಹತ್ತಕ್ಕೆ ಮೂರೋ ನಾಲ್ಕೋ ಪಿನ್ ಬೀಳುತ್ತಿದ್ದವು. ಈಗ ಒಂದು ಬಿದ್ದರೆ ಹೆಚ್ಚು. ಅಂದು ಮದ್ದಿಲ್ಲವೆಂದು ತಲೆಯಾಡಿಸಿದವರೇ ಇಂದು ತಮ್ಮ ಕಾಲರ್‌ಗಳನ್ನು ನನ್ನ ಲೇಥ್‌ಗೆ ಕಳಿಸುತ್ತಿದ್ದಾರೆ. ರೋಲರ್ ಒತ್ತಡ ಎಷ್ಟು, ಕೊನೆಯ ಥ್ರೆಡ್‌ನಲ್ಲಿ ಅದನ್ನು ಹೇಗೆ ಇಳಿಸಬೇಕು ಎಂಬುದನ್ನು ಮಾತ್ರ ನಾನು ಹೇಳುವುದಿಲ್ಲ. ರೀಕಟ್ ಮಾಡಿದ (ಥ್ರೆಡ್ ಮತ್ತೆ ಕತ್ತರಿಸಿದ) ಪಿನ್ ಅನ್ನು ಮತ್ತೆ ರೋಲ್ ಮಾಡದೆ ಬಾವಿಗೆ ಇಳಿಸಬೇಡಿ. ಲೇಥ್‌ನ ಉಳಿ ಆ ಪದರವನ್ನು ಪೂರ್ತಿ ಕೆರೆದು ಹಾಕಿರುತ್ತದೆ.